ನೇಪಾಳದ ಭೂಕಂಪ ಮನೆ ಅನುದಾನ: ದುಡ್ಡು ಸರಿಯಾದ ಕೈಗೇ ಬಂತು, ಆದರೆ ತುಂಬಾ ತಡವಾಗಿ ಬಂತು

5ಕ್ಕೆ 3.5 ಸ್ಟಾರ್ ಕೊಡುತ್ತಿದ್ದೇನೆ. ಕಳೆದ ಒಂದೂವರೆ ಸ್ಟಾರ್ ಪೂರ್ತಿ ತಡಕ್ಕೆ ಮತ್ತು ಕಾಗದಪತ್ರದ ಕಾಟಕ್ಕೆ. ಉಳಿದದ್ದು ನಿಜಕ್ಕೂ ಚೆನ್ನಾಗಿದೆ. ನಾನು ನೋಡಿರುವ ಬೇರೆ ಎಷ್ಟೋ ಪರಿಹಾರ ಯೋಜನೆಗಳಿಗಿಂತ ಚೆನ್ನಾಗಿದೆ.

ನಾನು ಬರೆಯುತ್ತಿರುವುದು 2015ರ ಭೂಕಂಪದ ನಂತರ ನೇಪಾಳ ಸರ್ಕಾರ ಹೊರದೇಶಗಳ ನೆರವು ಸೇರಿಸಿಕೊಂಡು ನಡೆಸಿದ ಮನೆ ಅನುದಾನದ ಬಗ್ಗೆ. ನಾನೇನೂ ಫಲಾನುಭವಿ ಅಲ್ಲ. ಗೋರ್ಖಾ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಈ ದುಡ್ಡಿನಲ್ಲಿ ಕಟ್ಟಿದ ಮನೆಯೊಂದರಲ್ಲಿ 5 ದಿನ ಉಳಿದಿದ್ದೆ. ಮನೆಯ ಯಜಮಾನಿಯನ್ನು ಅಲ್ಲಿನವರ ಹಾಗೆ ಆಮಾ ಅಂತ ಕರೆದೆ, ಅವರು ನನ್ನನ್ನು ಬಾಬು ಅಂದರು. ಅವರ ಗಂಡ ಭಾರತದಲ್ಲಿ ಕೆಲಸ ಮಾಡಿದವರು, ಹಾಗಾಗಿ ಆಮಾಗೆ ಹಿಂದಿ ಬರುತ್ತಿತ್ತು. ಸಂಜೆ ಒಲೆ ಮುಂದೆ ಕೂತು ಆ ಮನೆ ಎದ್ದ ಕತೆಯನ್ನು ಪಾಯದಿಂದ ಹಿಡಿದು ಮೇಲಿನ ತಗಡಿನ ತನಕ ಹೇಳಿದರು. ಊರಿಗೆ ಬಂದ ಮೇಲೆ ನಾನೂ ಕೂತು ಓದಿದೆ. ಎರಡೂ ಸೇರಿ ಈ ರಿವ್ಯೂ.

ಮೊದಲು ನಡೆದದ್ದು ಏನು ಅಂತ ಚಿಕ್ಕದಾಗಿ. 2015ರ ಏಪ್ರಿಲ್ 25, ಮಧ್ಯಾಹ್ನ 12ಕ್ಕೆ 4 ನಿಮಿಷ ಇರುವಾಗ ಭೂಮಿ ನಡುಗಿತು. 7.8ರ ತೀವ್ರತೆ. ಕೇಂದ್ರ ಇದ್ದದ್ದು ಗೋರ್ಖಾದ ಬಾರ್ಪಾಕ್ ಹತ್ತಿರ. ಮೇ 12ಕ್ಕೆ ಮತ್ತೆ 7.3. ಸುಮಾರು 9,000 ಜನ ಸತ್ತರು, ಹತ್ತಿರ ಹತ್ತಿರ 5 ಲಕ್ಷ ಮನೆಗಳು ಪೂರ್ತಿ ನೆಲಸಮ ಆದವು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ಶಾಲೆಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಇದನ್ನು ಹೇಳುವಾಗ ಆಮಾ ಎರಡೂ ಕೈ ಜೋಡಿಸಿದರು.

ಆಮೇಲೆ ಜಗತ್ತು ಬಂತು. ಜೂನ್ 25ಕ್ಕೆ ಕಾಠ್ಮಂಡುವಿನಲ್ಲಿ ದಾನಿಗಳ ಸಮ್ಮೇಳನ ನಡೆದು, ಸುಮಾರು 440 ಕೋಟಿ ಡಾಲರ್ ಕೊಡುತ್ತೇವೆ ಅಂತ ದೇಶಗಳು, ಬ್ಯಾಂಕುಗಳು ಮಾತು ಕೊಟ್ಟವು. ಬೇಕಾಗಿದ್ದದ್ದು ಸುಮಾರು 670 ಕೋಟಿ ಡಾಲರ್ ಅಂತ ಲೆಕ್ಕ ಆಗಿತ್ತು. ನಮ್ಮ ದೇಶ ಒಂದೇ 100 ಕೋಟಿ ಡಾಲರ್ ಅಂದಿತು. ಅದರಲ್ಲಿ ಕಾಲು ಭಾಗ ಮಾತ್ರ ಅನುದಾನ, ಉಳಿದದ್ದು ಸಾಲ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಡಿಮೆ ಬಡ್ಡಿಯ ಸಾಲವೂ ಸಹಾಯವೇ. ಆದರೆ ನೆರವು ಅನ್ನೋ ಪದ ಪೇಪರಿನಲ್ಲಿ ಓದಿದಾಗ ಅದರಲ್ಲಿ ವಾಪಸ್ ಕಟ್ಟಬೇಕಾದ್ದು ಎಷ್ಟು ಅಂತ ನೋಡಬೇಕು ಅಲ್ವಾ?

ಈಗ ದೊಡ್ಡ ದೂರು. ಮಾತು ಬಂದದ್ದು ಜೂನ್‌ನಲ್ಲಿ. ಆ ದುಡ್ಡನ್ನು ಹಂಚಬೇಕಾದ ರಾಷ್ಟ್ರೀಯ ಪುನರ್ನಿರ್ಮಾಣ ಪ್ರಾಧಿಕಾರ ಗಟ್ಟಿಯಾಗಿ ನಿಂತದ್ದು ಡಿಸೆಂಬರ್ ಕೊನೆಯಲ್ಲಿ. ಮಧ್ಯೆ ಪ್ರಾಧಿಕಾರಕ್ಕೆ ಹೊರಡಿಸಿದ್ದ ಸುಗ್ರೀವಾಜ್ಞೆ ಸಂಸತ್ತಿನಲ್ಲಿ ಪಾಸಾಗದೆ ಬಿದ್ದುಹೋಯಿತು, ಪಕ್ಷಗಳು ಮುಖ್ಯಸ್ಥ ಯಾರಾಗಬೇಕು ಅಂತ ಜಗಳ ಆಡಿದವು, ಹೊಸ ಸಂವಿಧಾನ ಬಂತು, ಅದರ ಹಿಂದೆಯೇ ಭಾರತದ ಗಡಿಯಲ್ಲಿ ಲಾರಿಗಳು ನಿಂತು ತಿಂಗಳುಗಟ್ಟಲೆ ಡೀಸೆಲ್, ಅಡುಗೆ ಗ್ಯಾಸ್, ಔಷಧಿಗೂ ಪರದಾಟ ಆಯಿತು. ಮೊದಲ ಕಂತು ಹಂಚಲು ಶುರು ಮಾಡಿದ್ದು 2016ರ ಮಾರ್ಚ್‌ನಲ್ಲಿ, ದೋಲಖಾ ಜಿಲ್ಲೆಯಲ್ಲಿ. ಅಂದರೆ ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ ಜನ ತಗಡು, ಟಾರ್ಪಾಲಿನ ಕೆಳಗೆ. ಆಮಾ ಹಳ್ಳಿಗೆ ಅದು ತಲುಪುವಷ್ಟರಲ್ಲಿ ಎರಡನೇ ಮಳೆಗಾಲವೂ ಮುಗಿದಿತ್ತು. ಅವರ ಅತ್ತೆ ಆ ತಗಡಿನ ಶೆಡ್ಡಿನಲ್ಲೇ ತೀರಿಕೊಂಡರು. ಬೆಟ್ಟದ ಚಳಿಯಲ್ಲಿ ತಗಡು ಅಂದರೆ ಏನು ಅಂತ ಒಂದು ರಾತ್ರಿ ಅಂಥ ಶೆಡ್ಡಿನಲ್ಲಿ ಮಲಗಿದರೆ ಗೊತ್ತಾಗುತ್ತದೆ. ನನಗೆ ಈ ಭಾಗಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ದುಡ್ಡು ಕೊಡುವವರು ರೆಡಿ, ಮನೆ ಕಟ್ಟುವವರು ರೆಡಿ, ನಡುವೆ ಕೊಳವೆಯೇ ಇಲ್ಲ!

ಕೊಳವೆ ಬಂದ ಮೇಲೆ ಕೆಲಸ ಹೇಗೆ ನಡೆಯಿತು ಅನ್ನುವುದೇ ನನಗೆ ಇಷ್ಟವಾದ ಭಾಗ. ಮನೆಗೆ 3 ಲಕ್ಷ ನೇಪಾಳಿ ರೂಪಾಯಿ. ಶುರುವಿನಲ್ಲಿ 2 ಲಕ್ಷ ಅಂದಿದ್ದರು, ಸಾಲುವುದಿಲ್ಲ ಅಂತ ಗಲಾಟೆ ಆದ ಮೇಲೆ ಏರಿಸಿದರು. ನಮ್ಮ ರೂಪಾಯಿಯಲ್ಲಿ 1,87,500. ದುಡ್ಡು ಕಂಟ್ರಾಕ್ಟರಿಗೆ ಹೋಗುತ್ತಿರಲಿಲ್ಲ, ಮನೆಯವರ ಬ್ಯಾಂಕ್ ಖಾತೆಗೇ ಬರುತ್ತಿತ್ತು. ಕರಾರಿಗೆ ಸಹಿ ಹಾಕಿದ ಮೇಲೆ 50,000. ಆ ದುಡ್ಡಲ್ಲಿ ಪಾಯ ಹಾಕಿ ಎತ್ತರಿಸಬೇಕು. ಇಂಜಿನಿಯರ್ ಬಂದು ನೋಡಿ ಸರಿ ಅಂದರೆ 1,50,000. ಗೋಡೆ ಚಾವಣಿ ಮಟ್ಟಕ್ಕೆ ಬಂದ ಮೇಲೆ ಮತ್ತೆ ನೋಡಿ ಕೊನೆಯ 1 ಲಕ್ಷ. ಯಾರ ಮನೆಯೋ ಅವರೇ ಮೇಸ್ತ್ರಿ ಹುಡುಕಬೇಕು, ಅವರೇ ಕಲ್ಲು ಆರಿಸಬೇಕು, ಬಾಗಿಲು ಯಾವ ಕಡೆಗೆ ಅಂತ ಅವರೇ ಹೇಳಬೇಕು. 2001ರ ನಂತರ ಗುಜರಾತಿನ ಕಛ್‌ನಲ್ಲೂ ಹೀಗೇ ಮನೆಯವರ ಕೈಗೇ ಕೆಲಸ ಕೊಟ್ಟಿದ್ದರು.

ಇದು ಯಾಕೆ ಮುಖ್ಯ ಅಂದರೆ ಹೈತಿಯನ್ನು ನೋಡಿ. 2010ರ ಭೂಕಂಪಕ್ಕೆ ಬಂದ ಪರಿಹಾರದ ದುಡ್ಡಲ್ಲಿ ಹೈತಿ ಸರ್ಕಾರದ ಕೈಗೆ ಸಿಕ್ಕಿದ್ದು 100ಕ್ಕೆ ಸುಮಾರು 1 ಪಾಲು. ಉಳಿದದ್ದು ದಾನಿ ದೇಶಗಳ ಸ್ವಂತ ಇಲಾಖೆಗಳು, ಸಂಸ್ಥೆಗಳು, ಕಂಪನಿಗಳ ಮೂಲಕವೇ ಓಡಾಡಿತು. ನೇಪಾಳದಲ್ಲಿ ಅದೆಲ್ಲ ಇರಲೇ ಇಲ್ಲ ಅನ್ನುವುದಿಲ್ಲ. ಆದರೆ ಮನೆಯ ದುಡ್ಡು ಆಮಾ ಹೆಸರಿನ ಪಾಸ್‌ಬುಕ್‌ಗೆ ಬಂತು. ಅವರು ಆ ಪಾಸ್‌ಬುಕ್ ತಂದು ನನಗೆ ತೋರಿಸಿದರು, ಮೂರೂ ಕಂತುಗಳ ಸಾಲಿನ ಮೇಲೆ ಬೆರಳಿಟ್ಟು.

ಕಟ್ಟುವ ವಿಧಾನಕ್ಕೆ ಫುಲ್ ಮಾರ್ಕ್ಸ್. ಬಿದ್ದ ಮನೆಗಳಲ್ಲಿ ಬಹುಪಾಲು ಕಲ್ಲು ಮತ್ತು ಮಣ್ಣಿನ ಗೋಡೆಯವು. ಕಲ್ಲು, ಮಣ್ಣು ಬೇಡವೇ ಬೇಡ, ಎಲ್ಲರೂ ಸಿಮೆಂಟ್ ಹಾಕಿ ಅಂದಿದ್ದರೆ ಬೆಟ್ಟದ ಬಡವರು ಇವತ್ತಿಗೂ ಶೆಡ್ಡಿನಲ್ಲೇ ಇರುತ್ತಿದ್ದರು. ಹಾಗೆ ಮಾಡಲಿಲ್ಲ. ಅದೇ ಕಲ್ಲು, ಅದೇ ಮಣ್ಣು ಇರಲಿ, ಆದರೆ ಪಾಯದ ಮೇಲೆ, ಕಿಟಕಿ ಬಾಗಿಲಿನ ಮೇಲೆ, ಚಾವಣಿ ಕೆಳಗೆ ಸುತ್ತಲೂ ಮರದ ಅಥವಾ ಕಾಂಕ್ರೀಟಿನ ಪಟ್ಟಿ ಹಾಕಿ ಅಂದರು. ಭೂಮಿ ಅಲುಗಿದಾಗ ಇಂಥ ಮನೆ ಮೊದಲು ಬಾಯಿ ಬಿಡುವುದು ಮೂಲೆಯಲ್ಲಿ. ಒಂದು ಗೋಡೆ ಈ ಕಡೆ, ಇನ್ನೊಂದು ಆ ಕಡೆ. ಹುಲ್ಲಿನ ಹೊರೆಗೆ ಹಗ್ಗ ಬಿಗಿದ ಹಾಗೆ ಈ ಪಟ್ಟಿ ನಾಲ್ಕೂ ಗೋಡೆಯನ್ನು ಒಟ್ಟಿಗೆ ಹಿಡಿಯುತ್ತದೆ. ಜೊತೆಗೆ ಗೋಡೆಯ ದಪ್ಪಕ್ಕೂ ಅಡ್ಡಲಾಗಿ ಅಲ್ಲಲ್ಲಿ ಉದ್ದ ಕಲ್ಲು ಇಡಬೇಕು, ಇಲ್ಲದಿದ್ದರೆ ಗೋಡೆ ಒಳಪದರ ಹೊರಪದರ ಅಂತ ಸೀಳುತ್ತದೆ. ಆಮಾ ಕಿಟಕಿ ಮೇಲಿನ ಪಟ್ಟಿಯನ್ನು ತಟ್ಟಿ ತೋರಿಸಿ, ಇದಿಲ್ಲದೆ ಎರಡನೇ ಸಲ ಬಂದ ಇಂಜಿನಿಯರ್ ಹುಡುಗ ಒಪ್ಪಲೇ ಇಲ್ಲ, ಎರಡು ಸಾಲು ಬಿಚ್ಚಿಸಿದ ಅಂದರು. ಆಗ ಬೈದಿದ್ದರಂತೆ. ಈಗ ಸಣ್ಣ ನಡುಕ ಬಂದರೆ ಅದೇ ಹುಡುಗನ ನೆನಪಾಗುತ್ತದಂತೆ.

ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳಲ್ಲಿ 50,000 ಮನೆಗಳಿಗೆ ಭಾರತ ದುಡ್ಡು ಕೊಟ್ಟಿತ್ತು, ವಿಶ್ವಸಂಸ್ಥೆಯ ಎರಡು ಅಂಗಗಳ ಜನ ಮನೆ ಮನೆಗೆ ಹೋಗಿ ಸಲಹೆ ಕೊಟ್ಟರು. 2021ಕ್ಕೆ ಆ ಎಲ್ಲ ಮನೆಗಳೂ ಮುಗಿದವು. ಸುಮ್ನೆ ದುಡ್ಡು ಹಾಕಿ ಕೈ ತೊಳೆದುಕೊಳ್ಳದೆ ಪಕ್ಕದಲ್ಲಿ ನಿಂತದ್ದು ಒಳ್ಳೆಯ ಕೆಲಸ, ನಮ್ಮವರು ಅಂತ ಹೇಳುತ್ತಿಲ್ಲ.

ಕಾಠ್ಮಂಡು ಕಡೆಯ ಗುಡಿ, ಅರಮನೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಸಂತಪುರದ ಒಂಬತ್ತು ಅಂತಸ್ತಿನ ಅರಮನೆಯನ್ನು ಚೀನಾ, ಪಕ್ಕದ ಗದ್ದಿ ಬೈಠಕ್ ಅನ್ನುವ ದರ್ಬಾರು ಕಟ್ಟಡವನ್ನು ಅಮೆರಿಕ ಸರಿಮಾಡಿಸಿದವು. ಭಕ್ತಪುರದವರು ಮಾತ್ರ ಜರ್ಮನಿಯ ನೆರವು ಬೇಡ ಅಂದು, ಊರಿನವರೇ ಸಮಿತಿ ಮಾಡಿಕೊಂಡು, ತಮ್ಮ ಬಡಗಿ, ಮೇಸ್ತ್ರಿಗಳ ಕೈಯಲ್ಲೇ ಕಟ್ಟಿಕೊಂಡರು. ಅಲ್ಲಿ ನಿಂತು ಆ ಇಟ್ಟಿಗೆ ಕೆಲಸ ನೋಡಿದಾಗ ನನಗೆ ತುಂಬಾ ಖುಷಿಯಾಯಿತು.

ಇನ್ನು ಕೊರತೆಗಳು. ಅನುದಾನ ಬೇಕಾದರೆ ಲಾಲ್ಪುರ್ಜಾ ಇರಬೇಕಿತ್ತು, ಅಂದರೆ ಜಮೀನಿನ ಹಕ್ಕುಪತ್ರ. ತಲೆಮಾರುಗಳಿಂದ ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡವರು, ಅಣ್ಣತಮ್ಮಂದಿರ ನಡುವೆ ಪಾಲಾಗದ ಜಮೀನಿನವರು, ಇವರೆಲ್ಲ ಸಾಲಿನ ಕೊನೆಗೆ ಹೋದರು. ಆಮೇಲೆ ಭೂರಹಿತರಿಗೆ ಬೇರೆ ದಾರಿ ಮಾಡಿದರು, ನಿಜ, ಆದರೆ ಯಾರಿಗೆ ಮೊದಲು ಬೇಕಿತ್ತೋ ಅವರಿಗೆ ಕೊನೆಗೆ ಸಿಕ್ಕಿತು. ನನ್ನ ಒಂದು ಸ್ಟಾರ್ ಹೋದದ್ದು ತಡಕ್ಕೆ, ಅರ್ಧ ಹೋದದ್ದು ಇಲ್ಲಿ.

3 ಲಕ್ಷಕ್ಕೆ ಪೂರ್ತಿ ಮನೆ ಆಗುವುದಿಲ್ಲ, ಇದನ್ನೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ರಸ್ತೆ ಇಲ್ಲದ ಕಡೆ ಸಿಮೆಂಟ್, ಸರಳು ಹೊರಿಸುವ ಕೂಲಿಯೇ ಸಾಮಾನಿಗಿಂತ ಜಾಸ್ತಿ. ಹರೆಯದ ಗಂಡಸರು ಕೊಲ್ಲಿ ದೇಶಗಳಲ್ಲಿ, ಮೇಸ್ತ್ರಿಗಳಿಗೆ ಕಾಯಬೇಕು. ಕಂತಿಗೆ ಗಡುವು ಬೇರೆ. ಹಾಗಾಗಿ ತುಂಬಾ ಜನ ಗಡುವು ತಪ್ಪಬಾರದು ಅಂತ ಒಂದು ಕೋಣೆ, ಎರಡು ಕೋಣೆ ಕಟ್ಟಿ ಕಂತು ತೆಗೆದುಕೊಂಡರು. ಹಳೇ ಮನೆಗಳಲ್ಲಿ ಕೆಳಗೆ ದನ, ಮಧ್ಯೆ ಮಲಗುವ ಜಾಗ, ಅಟ್ಟದಲ್ಲಿ ಜೋಳ, ರಾಗಿ. ಹೊಸ ಮನೆಯಲ್ಲಿ ಅಟ್ಟವೇ ಇಲ್ಲ. ಆಮಾ ಜೋಳದ ಮೂಟೆಗಳು ನಾನು ಮಲಗಿದ್ದ ಮಂಚದ ಪಕ್ಕದಲ್ಲೇ ಇದ್ದವು. ಅವರು ಊರಿನ ಸಾಹುಕಾರರ ಹತ್ತಿರ ಮಾಡಿದ ಸಾಲ ಇನ್ನೂ ತೀರಿಲ್ಲ.

ಹೊರಡುವ ಹಿಂದಿನ ರಾತ್ರಿ ಜಾಜರಕೋಟ್ ವಿಷಯ ಬಂತು. 2023ರ ನವೆಂಬರ್‌ನಲ್ಲಿ ಪಶ್ಚಿಮದ ಆ ಜಿಲ್ಲೆಯಲ್ಲಿ ಭೂಕಂಪವಾಗಿ 150ಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಕಲ್ಲು ಮಣ್ಣಿನ ಗೋಡೆಗಳೇ, ಈ ಪಟ್ಟಿ ಇಲ್ಲದವು. ಬದುಕಿದವರು ಚಳಿಯಲ್ಲಿ ಮೊದಲು ಟಾರ್ಪಾಲಿನ ಕೆಳಗೆ ಬಂದರು, ಆಮೇಲೆ ತಗಡಿನ ಕೆಳಗೆ. ನಾನು ಊರು ಹೊರಗಿನವನು, ಪೇಪರ್ ಓದುತ್ತೇನೆ, ಫೋನಿನಲ್ಲಿ ಎಲ್ಲ ನೋಡುತ್ತೇನೆ ಅಂತ ಆಮಾ ನನ್ನನ್ನೇ ಕೇಳಿದರು, ಅಲ್ಲಿನವರಿಗೆ ಎಷ್ಟನೇ ಕಂತು ಬಂತು ಬಾಬು?