ದಯವಿಟ್ಟು ವೆಡೇಲಿಯಾ ಬಳ್ಳಿಯನ್ನು ಅಂಗಳಕ್ಕೆ ತರಬೇಡಿ

ನೆಲದ ಮೇಲೆ ಹಬ್ಬುವ ಬಳ್ಳಿ, ದಟ್ಟ ಹಸಿರು ಎಲೆ, ವರ್ಷವಿಡೀ ಪುಟ್ಟ ಹಳದಿ ಹೂ. ನರ್ಸರಿಯಲ್ಲಿ ವೆಡೇಲಿಯಾ ಅಂತಾರೆ. ರಸ್ತೆ ಡಿವೈಡರ್‌ಗಳಲ್ಲಿ ನೀವೂ ನೋಡಿರುತ್ತೀರಿ. 2021ರ ಜೂನ್‌ನಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ಹತ್ತು ಅಗಿ ತಂದೆ. "ತಗೊಂಡ್ ಹೋಗ್ರಿ ಅಕ್ಕಾರ, ನೀರ ಹಾಕದಿದ್ರೂ ಹಬ್ಬತೈತಿ" ಅಂದಿದ್ದರು ನರ್ಸರಿಯವರು. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ, ಅದಕ್ಕೇ ಆ ಮಾತು ನನಗೆ ಹಿಡಿಸಿತು.

ಎರಡನೇ ಮಳೆಗಾಲಕ್ಕೆ ಅಂಗಳವೆಲ್ಲ ಅದೇ. ಗಣೇಶನ ಹಬ್ಬಕ್ಕೆ ನಮ್ಮತ್ತೆ ಪ್ರತಿ ವರ್ಷ ಗರಿಕೆ ಕೀಳುತ್ತಿದ್ದ ಜಾಗವೂ ಮುಚ್ಚಿಹೋಯಿತು. ಆ ವರ್ಷ ಗರಿಕೆಯನ್ನು ಪ್ಯಾಟಿಯಿಂದ ತಂದೆವು, ಅವರು ಏನೂ ಅನ್ನಲಿಲ್ಲ, ನನಗೆ ಮಾತ್ರ ತುಂಬಾ ಬೇಜಾರಾಯಿತು. ಈ ಬಳ್ಳಿ ಬೇರೆ ಗಿಡಕ್ಕೆ ಬಿಸಿಲು ಬಿಡುವುದಿಲ್ಲ, ಸಾಲದ್ದಕ್ಕೆ ಪಕ್ಕದ ಬೀಜ ಮೊಳೆಯದಂತೆ ತಡೆಯುವ ರಾಸಾಯನಿಕಗಳೂ ಇದರಲ್ಲಿವೆ. ಅಮೆರಿಕದ ಉಷ್ಣವಲಯದಿಂದ ಬಂದ ಗಿಡ ಇದು. ಜಗತ್ತಿಗೆ ಅತಿ ಹೆಚ್ಚು ತೊಂದರೆ ಕೊಡುವ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನದು) ಲಂಟಾನಾ ಜೊತೆ ಇದೂ ಇದೆ. ಇದು ನನಗೆ ಗೊತ್ತಾಗಿದ್ದು ತಡವಾಗಿ.

ನಿಜವಾದ ತಪ್ಪು ಮಾಡಿದ್ದು ಕೀಳುವಾಗ. ಕಾಂಗ್ರೆಸ್ ಕಸ ಆದರೆ ಹೂ ಬಿಡುವ ಮೊದಲೇ ಕಿತ್ತು ಎಸೆದರೆ ಬೀಜ ಬೀಳುವುದಿಲ್ಲ, ಅಲ್ವಾ? ಇದೂ ಹಾಗೇ ಅಂದುಕೊಂಡೆ. ಆದರೆ ಇದು ಹರಡುವುದು ಹೆಚ್ಚಾಗಿ ಕಾಂಡದಿಂದ. ಕಾಂಡದ ಪ್ರತಿ ಗಂಟಿನಲ್ಲೂ ಬೇರು ಬಿಡುತ್ತದೆ, ಒಂದು ಗಂಟಿರುವ ತುಂಡು ಹಸಿ ಮಣ್ಣಿಗೆ ಬಿದ್ದರೂ ಸಾಕು. ನಾನು ಕುಡುಗೋಲಿನಿಂದ ಕೊಚ್ಚಿ ಕೊಚ್ಚಿ ತೆಗೆದೆ, ಅರ್ಧ ಹಿಂದಿನ ಖಾಲಿ ಸೈಟಿಗೆ ಎಸೆದೆ, ಅರ್ಧ ಗೊಬ್ಬರದ ಗುಂಡಿಗೆ ಹಾಕಿ ಆ ಗೊಬ್ಬರವನ್ನೇ ದಾಸವಾಳಕ್ಕೂ ಕರಿಬೇವಿಗೂ ಹಾಕಿದೆ. ಎರಡರ ಬುಡದಲ್ಲೂ ವೆಡೇಲಿಯಾ ಬಂತು. ಸೈಟಿನಲ್ಲಂತೂ ಹಾಸಿಗೆ ಹಾಸಿದ ಹಾಗೆ ಬೆಳೆಯಿತು.

ಈಗಾಗಲೇ ಮನೆಯಲ್ಲಿದ್ದರೆ ಕೊಚ್ಚಬೇಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು, ಜೋರು ಮಳೆಯಲ್ಲಿ ಕೆಸರು, ಹಾಗಾಗಿ ನಡುವೆ ಹದ ಸಿಕ್ಕಾಗ ಕುರ್ಪಿಯಿಂದ ಸಡಿಲ ಮಾಡಿ ಬಳ್ಳಿಯನ್ನು ಉದ್ದಕ್ಕೇ ಬೇರು ಸಮೇತ ಎತ್ತಿ. ಬಿದ್ದ ತುಂಡುಗಳನ್ನು ಕೈಯಿಂದಲೇ ಆರಿಸಿ. ಕಿತ್ತಿದ್ದನ್ನು ಮಣ್ಣಿನ ಮೇಲೆ ಇಡಬೇಡಿ, ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹಾಸಿ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಸಿ. ಮಳೆ ಇದ್ದರೆ ಚೀಲದಲ್ಲಿ ಕಟ್ಟಿ ಬಿಸಿಲು ಬರುವವರೆಗೆ ಇಡಿ. ಹದಿನೈದು ದಿನಕ್ಕೊಮ್ಮೆ ಹೊಸ ಚಿಗುರು ಹುಡುಕಲೇಬೇಕು. ನನಗೆ ಎರಡು ವರ್ಷ ಹಿಡಿಯಿತು, ಬೆನ್ನು ನೋವು ಬೇರೆ. ಯಾರಾದರೂ ಒಂದು ಟೊಂಗೆ ಕೇಳಿದರೆ ಕೊಡಬೇಡಿ. ತೇವ ಇರುವ ನೆಲ ಮುಚ್ಚಲು ಒಂದೆಲಗ ಹಾಕಿ, ಚಟ್ನಿಗೂ ಆಗುತ್ತದೆ.

ಅಂಗಳದಲ್ಲಿ ಗರಿಕೆ ಮತ್ತೆ ಬಂದಿದೆ. ಸೈಟನ್ನೂ, ಅದರ ಮಾಲೀಕರನ್ನು ಕೇಳಿ, ಸ್ವಚ್ಛ ಮಾಡಿದೆ. ಆದರೆ ಅಷ್ಟರಲ್ಲಿ ಬಳ್ಳಿ ಅಲ್ಲಿಂದ ನಾಲಾಕ್ಕೆ ಇಳಿದಿತ್ತು. ಎರಡು ಮಳೆಗಾಲ ನೀರಿನ ಜೊತೆ ಹೋದ ತುಂಡುಗಳು ಎಲ್ಲೆಲ್ಲಿ ಬೇರು ಬಿಟ್ಟಿವೆಯೋ, ಅವನ್ನು ಹುಡುಕಿ ಕೀಳಲು ನನ್ನಿಂದ ಆಗುವುದಿಲ್ಲ.