ರೆಡ್ ರಾಕ್ ಕ್ಯಾನ್ಯನ್‌ಗೆ ‘ಹಾಫ್ ಡೇ ಟೂರ್’ ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಲಾಸ್ ವೇಗಸ್‌ಗೆ ಹೋದವರು ಕ್ಯಾಸಿನೊ ಗದ್ದಲ ಸಾಕಾದ ಮೇಲೆ ಹುಡುಕುವ ಮೊದಲ ಜಾಗ ರೆಡ್ ರಾಕ್ ಕ್ಯಾನ್ಯನ್, ಮರುಭೂಮಿಯ ನಡುವಿನ ಕೆಂಪು ಬಂಡೆಗಳ ಕಣಿವೆ. ಕ್ಯಾಸಿನೊಗಳು ಸಾಲಾಗಿರುವ ‘ಸ್ಟ್ರಿಪ್’ ರಸ್ತೆಯಿಂದ ಪಶ್ಚಿಮಕ್ಕೆ ಸುಮಾರು 17 ಮೈಲಿ, ಅಂದರೆ 27 ಕಿಲೋಮೀಟರ್. ಅರ್ಧ ಗಂಟೆಯ ದಾರಿ. ಜಾಗ ನಿಜಕ್ಕೂ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನನಗೆ ಸಿಟ್ಟಿರುವುದು ‘ಹೋಟೆಲ್ ಬಾಗಿಲಿಗೇ ಗಾಡಿ ಬರುತ್ತದೆ, ಮಧ್ಯಾಹ್ನದ ಊಟಕ್ಕೆ ವಾಪಸ್’ ಅಂತ ಹೇಳಿ ದುಡ್ಡು ತೆಗೆದುಕೊಳ್ಳುವ ಕೆಲವು ಟೂರ್‌ನವರ ಮೇಲೆ. ಎಲ್ಲರೂ ಹಾಗಲ್ಲ. ಆದರೆ ನಮಗೆ ಸಿಕ್ಕವನು ಹಾಗಿದ್ದ. ಅತ್ತೆಯವರನ್ನು ಅವತ್ತು ಆಸ್ಪತ್ರೆಗೆ ಸೇರಿಸುವುದೊಂದು ಬಾಕಿ ಇತ್ತು.

ಮೇ ತಿಂಗಳ ಕೊನೆ. ಅತ್ತೆ, ನಮ್ಮವರು, ಮೈದುನ, ನಾನು. ಬೆಳಿಗ್ಗೆ ಆರೂವರೆಗೆ ಪಿಕಪ್, ಏಳೂವರೆಗೆಲ್ಲ ನಡಿಗೆ ಶುರು, ಜೊತೆಗೆ ಗೈಡ್ ಇರುತ್ತಾರೆ, ನೀರು ಅವರದೇ. ಬುಕಿಂಗ್ ಪೇಜಿನಲ್ಲಿ ಹೀಗೆ ಬರೆದಿತ್ತು. ವಯಸ್ಸಾದವರಿದ್ದಾರೆ ಅಂತ ಮೊದಲೇ ಮೆಸೇಜ್ ಹಾಕಿ ಕೇಳಿದ್ದೆವು. ‘ತುಂಬಾ ಈಜಿ ಟ್ರೇಲ್, ಎಲ್ಲರೂ ಮಾಡ್ತಾರೆ’ ಅಂತ ಉತ್ತರ ಬಂದಿತ್ತು. ರಿವ್ಯೂಗಳೂ ಎಲ್ಲ ಫೈವ್ ಸ್ಟಾರ್.

ವ್ಯಾನ್ ಬಂದಿದ್ದು ಎಂಟೂವರೆಗೆ. ಅಲ್ಲಿಂದ ಇನ್ನೂ ಎರಡು ಹೋಟೆಲ್ ಸುತ್ತಿ ಬೇರೆ ಗಿರಾಕಿಗಳನ್ನು ಹತ್ತಿಸಿಕೊಂಡು, ಕಾಫಿ ಅಂಗಡಿ ಮುಂದೆ ನಿಲ್ಲಿಸಿ, ರೆಡ್ ರಾಕ್ ಗೇಟಿನ ಹತ್ತಿರ ಬರುವಾಗ ಹತ್ತು ದಾಟಿತ್ತು. ಅಲ್ಲಿ ಡ್ರೈವರ್ ರಸ್ತೆ ಬದಿಗೆ ಗಾಡಿ ಹಾಕಿ ಹಿಂದಕ್ಕೆ ತಿರುಗಿದ. ‘ಬೂತ್‌ನಲ್ಲಿ ಯಾರಾದರೂ ಕೇಳಿದರೆ ನಾವೆಲ್ಲ ಫ್ರೆಂಡ್ಸ್ ಅಂತ ಹೇಳಿ, ಆಯ್ತಾ?’ ಅಂದ. ಮೈದುನ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಆ ಮಾತಿಗೆ ಕಾರಣ ಇದೆ. ಇದು ಅಮೆರಿಕ ಸರ್ಕಾರದ ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಜಾಗ. ಬಿಎಲ್ಎಂ ಅಂತಾರೆ. ಅವರ ಜಾಗದಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ನಡಿಗೆಗೆ ಕರೆದುಕೊಂಡು ಹೋಗಬೇಕಾದರೆ ಸ್ಪೆಷಲ್ ರಿಕ್ರಿಯೇಷನ್ ಪರ್ಮಿಟ್ ಬೇಕು. ನಮ್ಮ ಟೂರ್‌ನವನ ಹತ್ತಿರ ಅದು ಇರಲಿಲ್ಲ ಅಂತ ನಾನು ಸಾಬೀತು ಮಾಡಲಾರೆ. ಆದರೆ ಪರ್ಮಿಟ್ ಇದ್ದವನು ಗಿರಾಕಿಗಳಿಗೆ ಫ್ರೆಂಡ್ಸ್ ಅನ್ನಿ ಅಂತ ಯಾಕೆ ಹೇಳಿಕೊಡುತ್ತಾನೆ?

ಇನ್ನೊಂದು ವಿಷಯ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಿಗ್ಗೆ 8ರಿಂದ ಸಂಜೆ 5ರ ನಡುವೆ ಒಳಗೆ ಹೋಗುವ ಗಾಡಿಗೆ ಮೊದಲೇ ಟೈಮ್ ಬುಕ್ ಮಾಡಿರಬೇಕು. ಬೆಳಿಗ್ಗೆ ಎಂಟಕ್ಕೆ ಮೊದಲು ಹೋದರೆ ಈ ಗೊಡವೆಯೇ ಇಲ್ಲ. ನಮ್ಮ ಡ್ರೈವರ್ ಹೊತ್ತು ಮೀರಿ ಬಂದಿದ್ದ. ಫೋನ್ ಹಿಡಿದು ಮುಂದಿನ ಸ್ಲಾಟ್ ಹುಡುಕುತ್ತಾ ಕೂತ. ಏಳೂವರೆಗೆ ನಡೆಯಬೇಕಾದ ನಾವು ಟ್ರೇಲ್ ಮೇಲೆ ಕಾಲಿಟ್ಟಿದ್ದು ಹನ್ನೊಂದೂಮುಕ್ಕಾಲಿಗೆ.

ಮರುಭೂಮಿಯಲ್ಲಿ ಈ ನಾಲ್ಕು ಗಂಟೆ ಎಂಥ ವ್ಯತ್ಯಾಸ ಮಾಡುತ್ತದೆ ಅನ್ನುವುದು ಹೋಟೆಲ್ ರೂಮಿನಲ್ಲಿ ಕೂತು ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಅಲ್ಲಿ ತಣ್ಣಗೆ ಹಿತವಾಗಿರುತ್ತದೆ. ಬಂಡೆಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಮಧ್ಯಾಹ್ನಕ್ಕೆ ಸೂರ್ಯ ನೆತ್ತಿಗೆ ಬಂದ ಮೇಲೆ ನೆರಳೂ ಇಲ್ಲ, ಮರವೂ ಇಲ್ಲ. ‘ಸಿಟಿಗಿಂತ ಎತ್ತರದಲ್ಲಿದೆ, ತಂಪು ಜಾಸ್ತಿ’ ಅಂತ ಡ್ರೈವರ್ ಹೇಳಿದ. ಅದು ಸುಳ್ಳಲ್ಲ, ಎತ್ತರದಿಂದ ಕೆಲವು ಡಿಗ್ರಿ ಕಡಿಮೆ ಇರುತ್ತದೆ. ಆದರೆ ಅದು ಗಾಳಿಯ ಲೆಕ್ಕ. ಬಿಸಿಲಿಗೆ ಕಾದ ಬಂಡೆ ಎರಡೂ ಕಡೆಯಿಂದ ಕಾವು ಬಿಡುವಾಗ ಆ ಲೆಕ್ಕಕ್ಕೆ ಬೆಲೆ ಇಲ್ಲ.

ನಮ್ಮನ್ನು ಇಳಿಸಿದ್ದು ಸ್ಯಾಂಡ್‌ಸ್ಟೋನ್ ಕ್ವಾರಿ ಅನ್ನುವ ಪಾರ್ಕಿಂಗ್‌ನಲ್ಲಿ. 1905ರಿಂದ 1912ರವರೆಗೆ ಇಲ್ಲಿ ಕಲ್ಲು ತೆಗೆಯುತ್ತಿದ್ದರು. ಆಗ ಕಡಿದಿಟ್ಟ ದೊಡ್ಡ ದೊಡ್ಡ ಕಲ್ಲಿನ ದಿಮ್ಮಿಗಳು ಈಗಲೂ ಹಾಗೇ ಬಿದ್ದಿವೆ. ಇಲ್ಲಿಂದ ಕ್ಯಾಲಿಕೊ ಟ್ಯಾಂಕ್ಸ್ ಟ್ರೇಲ್ ಶುರುವಾಗುತ್ತದೆ. ಹೋಗಿ ಬರಲು ನಾಲ್ಕು ಕಿಲೋಮೀಟರ್‌ಗಿಂತ ಹೆಚ್ಚಿಲ್ಲ. ‘ಗೈಡ್ ಎಲ್ಲಿ?’ ಅಂತ ಕೇಳಿದೆವು. ‘ಟ್ರೇಲ್ ಸೀದಾ ಇದೆ, ಗೈಡ್ ಬೇಕಾಗಿಲ್ಲ. ನಾನು ಇವರನ್ನು ಸೀನಿಕ್ ಡ್ರೈವ್ ಸುತ್ತಿಸಿ ಒಂದು ಗಂಟೆಯಲ್ಲಿ ಬರ್ತೀನಿ’ ಅಂದ. ಸೀನಿಕ್ ಡ್ರೈವ್ ಅಂದರೆ ಅಲ್ಲಿ ಒಳಗೆ ಗಾಡಿ ಸುತ್ತಿ ಬರುವ ರಸ್ತೆ. ತಲೆಗೊಂದು ಅರ್ಧ ಲೀಟರ್ ನೀರಿನ ಬಾಟಲಿ ಕೊಟ್ಟ. ನಮ್ಮವರು ಇನ್ನೂ ನಾಲ್ಕು ಬಾಟಲಿ ಕೇಳಿ ಇಸ್ಕೊಂಡರು. ಕೊಡುವಾಗ ಅವನ ಮುಖ ನೋಡಬೇಕಿತ್ತು.

ಟ್ರೇಲ್ ಸೀದಾ ಇಲ್ಲ. ಮೊದಲಿಗೆ ಒಣಗಿದ ಹಳ್ಳದ ಪಾತ್ರ, ಸಡಿಲ ಜಲ್ಲಿ ಮತ್ತು ಮರಳು. ಆಮೇಲೆ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲು ಮುಗಿದ ಮೇಲೆ ಬರೀ ಬಂಡೆ. ದಾರಿ ಅಂತ ಗೆರೆ ಏನೂ ಕಾಣುವುದಿಲ್ಲ. ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು ಅನ್ನಿಸುತ್ತದೆ. ಈ ಬಂಡೆಗೆ ಆಜ್ಟೆಕ್ ಸ್ಯಾಂಡ್‌ಸ್ಟೋನ್ ಅಂತ ಹೆಸರು. ಡೈನೊಸಾರ್ ಕಾಲದಲ್ಲಿ ಇಲ್ಲಿದ್ದ ಮರಳು ದಿಬ್ಬಗಳೇ ಗಟ್ಟಿಯಾಗಿ ಕಲ್ಲಾಗಿರುವುದು. ಕಬ್ಬಿಣದ ತುಕ್ಕಿನಿಂದ ಆ ಕೆಂಪು ಬಣ್ಣ. ಗಾಳಿ ಹಾಸಿದ ಮರಳಿನ ಪದರಗಳು ಓರೆ ಓರೆಯಾಗಿ ಈಗಲೂ ಕಾಣುತ್ತವೆ. ಮೇಲ್ಮೈ ಮಾತ್ರ ಸದಾ ಉದುರುತ್ತಿರುತ್ತದೆ. ಉದುರಿದ ಕಾಳು ಬಂಡೆಯ ಮೇಲೇ ಇರುತ್ತದಲ್ಲ, ಹತ್ತುವಾಗ ಏನೂ ಅನ್ನಿಸುವುದಿಲ್ಲ. ಇಳಿಯುವಾಗ ಸಾಸಿವೆ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ಮೈದುನ ಒಂದು ಕಡೆ ಕೂತೇ ಜಾರಿದ. ಪ್ಯಾಂಟ್ ಹರಿಯಿತು, ಅಂಗೈ ತರಚಿತು.

ಅರ್ಧ ದಾರಿಯಲ್ಲಿ ಅತ್ತೆ ನಿಂತರು. ‘ಯಾಕೋ ತಲೆ ತಿರುಗ್ತಿದೆ ಕಣಮ್ಮಾ’ ಅಂದರು. ಮುಟ್ಟಿ ನೋಡಿದರೆ ಮೈ ಒಣಗಿತ್ತು, ಬೆವರೇ ಇಲ್ಲ. ಈ ಒಣ ಹವೆಯ ದೊಡ್ಡ ಮೋಸ ಇದೇ. ಬೆವರು ಬಂದ ತಕ್ಷಣ ಆರಿಹೋಗುತ್ತದೆ. ಬಟ್ಟೆ ಒದ್ದೆಯಾಗುವುದಿಲ್ಲ. ಹಾಗಾಗಿ ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ನಾವು ಬೆವರು ಕಂಡರೆ ನೀರು ಕುಡಿಯುವ ಜನ, ಅಲ್ವಾ? ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಆಮೇಲೆ ಅತ್ತೆಗೆ ವಾಕರಿಕೆ ಶುರುವಾಯಿತು. ಕುಡಿದ ನೀರೂ ನಿಲ್ಲಲಿಲ್ಲ.

ಎದುರಿಗೆ ಇಳಿದು ಬರುತ್ತಿದ್ದ ವಯಸ್ಸಾದ ದಂಪತಿ ನಮ್ಮನ್ನು ನೋಡಿ ನಿಂತರು. ಆ ಹೆಂಗಸು ಒಂದೂ ಮಾತು ಕೇಳಲಿಲ್ಲ. ಒಂದು ಬಂಡೆಯ ಮೂಲೆಯಲ್ಲಿ ಮೊಣಕೈ ಅಗಲದ ನೆರಳಿತ್ತು, ಅತ್ತೆಯವರನ್ನು ಅಲ್ಲಿ ಕೂರಿಸಿದರು. ತಮ್ಮ ಟವೆಲ್ ನೆನೆಸಿ ಕತ್ತಿನ ಹಿಂಭಾಗಕ್ಕೆ ಹಾಕಿದರು. ಅತ್ತೆಯ ವೇಲ್ ಒದ್ದೆ ಮಾಡಿ ಕಂಕುಳ ಹತ್ತಿರ ಇಡಲು ಹೇಳಿದರು. ನೀರಿಗೆ ಉಪ್ಪು ಸಕ್ಕರೆಯ ಪುಡಿ ಕಲಸಿ, ಗಟಗಟ ಬೇಡ, ಗುಟುಕು ಗುಟುಕಾಗಿ ಕುಡಿಸಿ ಅಂದರು. ಅವರ ಗಂಡ ಅಷ್ಟರಲ್ಲಿ ಅತ್ತೆಗೆ ಏನೇನೋ ಪ್ರಶ್ನೆ ಕೇಳುತ್ತಿದ್ದರು. ಹೆಸರೇನು, ಇವತ್ತು ಯಾವ ವಾರ, ಇವರು ನಿಮಗೇನಾಗಬೇಕು. ನನಗೆ ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ವಿವರಿಸಿದರು. ತಲೆಸುತ್ತು, ವಾಕರಿಕೆ ಇದ್ದರೂ ಮಾತು ಸರಿ ಇದ್ದರೆ ಸುಧಾರಿಸಲು ಸಮಯ ಇದೆ. ಮಾತು ತಡವರಿಸಿದರೆ, ಸಂಬಂಧವಿಲ್ಲದ್ದು ಹೇಳಿದರೆ ಅದು ಹೀಟ್ ಸ್ಟ್ರೋಕ್. ಆಗ ಒಂದು ನಿಮಿಷವೂ ಕಾಯದೆ ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡಬೇಕು. ನಮ್ಮ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ‘ಆದರೂ 911 ಒತ್ತಿ ನೋಡಬೇಕು, ಬೇರೆ ಕಂಪನಿಯ ಟವರ್ ಇದ್ದರೆ ಅದೇ ಹಿಡಿದುಕೊಳ್ಳುತ್ತದೆ’ ಅಂದರು. ಇದು ನನಗೆ ಹೊಸ ವಿಷಯ.

ಅತ್ತೆ ವಾರ ಸರಿಯಾಗಿ ಹೇಳಿದರು. ನಿಧಾನಕ್ಕೆ ಕೆಳಗೆ ಇಳಿಸಿಕೊಂಡು ಬಂದೆವು.

ಪಾರ್ಕಿಂಗ್‌ನಲ್ಲಿ ವ್ಯಾನ್ ಇಲ್ಲ. ಅಲ್ಲಿ ಕುಡಿಯುವ ನೀರಿನ ನಲ್ಲಿ ಕೂಡ ಇಲ್ಲ. ಇದ್ದ ಒಂದೇ ನೆರಳು ಟಾಯ್ಲೆಟ್ ಗೋಡೆಯದು. ಅದರ ಪಕ್ಕ ಕೂತೆವು. ಒಂದು ಗಂಟೆಯಲ್ಲಿ ಬರುತ್ತೇನೆ ಅಂದವನು ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಆ ರಸ್ತೆಯಲ್ಲೇ ಇದೆ. ಸೀನಿಕ್ ಡ್ರೈವ್ 13 ಮೈಲಿಯ ಒನ್‌ವೇ. ಒಂದು ಪಾರ್ಕಿಂಗ್ ದಾಟಿ ಮುಂದೆ ಹೋದರೆ ಹಿಂದೆ ತಿರುಗುವ ಹಾಗಿಲ್ಲ. ಪೂರ್ತಿ ಸುತ್ತಬೇಕು, ಹೈವೇಗೆ ಬೀಳಬೇಕು, ಮತ್ತೆ ಗೇಟಿನ ಕ್ಯೂನಲ್ಲಿ ನಿಂತು ಒಳಗೆ ಬರಬೇಕು. ನಡುನಡುವೆ ಫೋಟೋಗೆ ನಿಲ್ಲಿಸುತ್ತಾ ಹೋದರೆ ಒಂದು ಗಂಟೆಯಲ್ಲಿ ಯಾರಿಂದಲೂ ಆಗದ ಕೆಲಸ. ದಿನಾ ಆ ರಸ್ತೆಯಲ್ಲಿ ಓಡಾಡುವವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಹೇಳಿದ್ದು. ಇದೇ ನನ್ನನ್ನು ಈಗಲೂ ಕೆರಳಿಸುವುದು.

ಅದೇ ದಂಪತಿ ತಮ್ಮ ಕಾರಿನಲ್ಲಿ ಅತ್ತೆ ಮತ್ತು ನನ್ನನ್ನು ಕೂರಿಸಿಕೊಂಡರು. ನೀರು, ಎಸಿ, ರೇಂಜರ್‌ಗಳು ಎಲ್ಲ ಇರುವ ವಿಸಿಟರ್ ಸೆಂಟರ್ ಹಿಂದೆ ಮೂರು ಮೈಲಿ ದೂರದಲ್ಲೇ ಇದೆ. ಆದರೆ ಒನ್‌ವೇ ಅಲ್ವಾ, ಅಲ್ಲಿಗೆ ಹೋಗಲು ಹತ್ತು ಮೈಲಿಗಿಂತ ಹೆಚ್ಚು ಮುಂದೆ ಹೋಗಬೇಕು. ಕ್ಯಾಲಿಕೊ ಹಿಲ್ಸ್ ಹಿಂದೆ ಉಳಿಯಿತು. ರಸ್ತೆ 4,771 ಅಡಿ ಎತ್ತರದ ಹೈ ಪಾಯಿಂಟ್ ತನಕ ಹತ್ತಿ ಇಳಿಯಿತು. ಬೂದು ಬಣ್ಣದ ಸುಣ್ಣಕಲ್ಲು ಕೆಂಪು ಕಲ್ಲಿನ ಮೇಲೆ ಕೂತಿರುವ ಪ್ರಸಿದ್ಧ ಕೀಸ್ಟೋನ್ ಥ್ರಸ್ಟ್ ನೋಡಲೆಂದೇ ಜನ ದೂರದಿಂದ ಬರುತ್ತಾರೆ. ನಾನು ನೋಡಿದ್ದು ಅತ್ತೆಯ ಮುಖ ಮತ್ತು ಕಾರಿನ ಎಸಿ ಗುಂಡಿ. ಸೆಂಟರ್‌ನಲ್ಲಿ ರೇಂಜರ್ ಒಬ್ಬರು ಅತ್ತೆಯ ನಾಡಿ ನೋಡಿ, ತಂಪಿನಲ್ಲಿ ಮಲಗಿಸಿ, ಸಂಜೆವರೆಗೂ ಗಮನ ಇಡಿ ಅಂದರು. ಗಂಡಸರಿಬ್ಬರೂ ವ್ಯಾನಿನಲ್ಲಿ ಬಂದು ತಲುಪಿದಾಗ ಮೂರು ಗಂಟೆ.

ದುಡ್ಡಿನ ಕಥೆ ಬೇಗ ಮುಗಿಸುತ್ತೇನೆ. ರೀಫಂಡ್ ಕೇಳಿದರೆ ‘ಟೂರ್ ಪೂರ್ತಿಯಾಗಿದೆ’ ಅಂತ ಒಂದು ಸಾಲು ಬಂತು. ಪಿಕಪ್ ಟೈಮ್ ಬರೆದಿದ್ದ ಕನ್ಫರ್ಮೇಷನ್ ಮತ್ತು ವ್ಯಾನ್ ಬಂದಾಗ ಮೈದುನ ತೆಗೆದಿದ್ದ ಫೋಟೋ ಇಟ್ಟು ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟೆವು. ಅರ್ಧ ದುಡ್ಡು ವಾಪಸ್ ಬಂತು. ಬಿಎಲ್ಎಂ ಕಚೇರಿಗೂ ಬರೆದಿದ್ದೇವೆ.

ಆ ಫೈವ್ ಸ್ಟಾರ್ ರಿವ್ಯೂಗಳನ್ನು ಆಮೇಲೆ ಮತ್ತೆ ತೆಗೆದು ನೋಡಿದೆ. ಸುಳ್ಳು ರಿವ್ಯೂಗಳಲ್ಲ. ಬಹುತೇಕ ಎಲ್ಲ ಡಿಸೆಂಬರ್, ಜನವರಿ, ಫೆಬ್ರುವರಿಯವು. ಚಳಿಗಾಲದಲ್ಲಿ ವ್ಯಾನ್ ಎರಡು ಗಂಟೆ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ, ಬಿಸಿಲು ಹಿತವಾಗೇ ಇರುತ್ತದೆ. ಹಾಗಾಗಿ ಮರುಭೂಮಿಯ ಟೂರ್ ನೋಡುವಾಗ ನಕ್ಷತ್ರ ಎಣಿಸಬೇಡಿ, ತಿಂಗಳು ನೋಡಿ. ನೀವು ಹೋಗುವ ತಿಂಗಳಿನಲ್ಲಿ ಹೋದವರು ಏನು ಬರೆದಿದ್ದಾರೆ ಅಂತ ಹುಡುಕಿ.

ಟೂರ್‌ನಲ್ಲೇ ಹೋಗಬೇಕು ಅಂತಿದ್ದರೆ ಬಿಎಲ್ಎಂ ಪರ್ಮಿಟ್ ಇದೆಯಾ ಅಂತ ಲಿಖಿತದಲ್ಲಿ ಕೇಳಿ. ಇರುವವರು ಖುಷಿಯಿಂದ ತೋರಿಸುತ್ತಾರೆ. ಗೈಡ್ ಟ್ರೇಲ್ ಮೇಲೆ ಬರುತ್ತಾರಾ, ಪಾರ್ಕಿಂಗ್ ತನಕ ಮಾತ್ರವಾ ಅಂತಲೂ ಕೇಳಿ. ಪಿಕಪ್ ಎಷ್ಟು ಹೊತ್ತಿಗೆ ಅನ್ನುವುದು ಮುಖ್ಯವಲ್ಲ. ಟ್ರೇಲ್ ಮೇಲೆ ಎಷ್ಟು ಹೊತ್ತಿಗೆ ಇರುತ್ತೇವೆ, ತಡವಾದರೆ ನಡಿಗೆ ರದ್ದು ಮಾಡಿ ದುಡ್ಡು ಕೊಡುತ್ತೀರಾ ಅಂತ ಕೇಳಿ. ಕ್ಯಾಬ್ ಮಾಡಿಕೊಂಡು ಹೋಗುವ ಯೋಚನೆ ಬೇಡ. ಹೋಗುವುದು ಸುಲಭ, ವಾಪಸ್ ಕ್ಯಾಬ್ ಕರೆಯಲು ಸಿಗ್ನಲ್ ಬೇಕಲ್ಲ?

ಕಾರು ಬಾಡಿಗೆಗೆ ತೆಗೆದುಕೊಂಡು ನೀವೇ ಹೋಗುವುದು ಎಷ್ಟೋ ವಾಸಿ. ಗೇಟ್ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಮೂರೂಮುಕ್ಕಾಲು ಲೀಟರ್ ನೀರು ಇಟ್ಟುಕೊಳ್ಳಿ, ಜೊತೆಗೆ ಉಪ್ಪಿನ ತಿಂಡಿ ಏನಾದರೂ. ಬರೀ ನೀರನ್ನೇ ಸುರಿದುಕೊಂಡರೆ ಮೈಯಲ್ಲಿ ಉಪ್ಪು ಕಡಿಮೆಯಾಗಿ ಅದೊಂದು ಬೇರೆ ಪಾಡು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೂರದಲ್ಲಿ ಗುಡುಗಿದರೂ ಕಣಿವೆಯ ಒಳಗೆ ಇಳಿಯಬೇಡಿ. ನೀವಿರುವಲ್ಲಿ ಒಂದು ಹನಿ ಬೀಳದಿದ್ದರೂ ಒಣ ಹಳ್ಳದಲ್ಲಿ ಒಮ್ಮೆಗೇ ನೀರು ನುಗ್ಗುತ್ತದೆ. ಮಳೆ ಬಂದ ಮೇಲೆ ಆ ಮರಳುಗಲ್ಲು ಮೆತ್ತಗಾಗಿರುತ್ತದೆ, ಹಿಡಿದ ಅಂಚೇ ಕಿತ್ತು ಬರಬಹುದು. ಜೊತೆಯಲ್ಲಿ ವಯಸ್ಸಾದವರಿದ್ದರೆ ಕ್ಯಾಲಿಕೊ ಟ್ಯಾಂಕ್ಸ್ ಬಿಟ್ಟು ಲಾಸ್ಟ್ ಕ್ರೀಕ್ ಕಡೆಯ ಚಿಕ್ಕ ದಾರಿ ನೋಡಿ. ಅದೂ ಬೇಡ ಅಂದರೆ ಕಾರಿನಲ್ಲೇ ಆ 13 ಮೈಲಿ ನಿಧಾನಕ್ಕೆ ಸುತ್ತಿ, ಅಲ್ಲಲ್ಲಿ ಇಳಿದು ಫೋಟೋ ತೆಗೆದು, ಬೆಳಿಗ್ಗೆ ಹತ್ತಕ್ಕೆ ಮೊದಲೇ ಹೊರಗೆ ಬಂದುಬಿಡಿ.