ಬಯಾಪ್ಸಿ 'ನಾರ್ಮಲ್' ಅಂದರೆ ಅಲ್ಲಿಗೇ ಬಿಡಬೇಡಿ

ಇದನ್ನು ಬರೆಯೋಕೆ ನನಗೇ ನಾಚಿಕೆ. ಒಂದೇ ಒಂದು ಹಾಳೆಯನ್ನು ಸರಿಯಾಗಿ ಓದದೆ ಐದು ತಿಂಗಳು ಕಳೆದೆ.

ಅಣ್ಣ ಎರಡು ಸಲ ತಲೆಸುತ್ತಿ ಬಿದ್ದ. ಎಕೋದಲ್ಲಿ ಪಂಪಿಂಗ್ ಕಮ್ಮಿ. ಹೃದಯದ ಸ್ನಾಯುವಿನ ಕಾಯಿಲೆ, ಸಾರ್ಕಾಯ್ಡೋಸಿಸ್ (ದೇಹದ ಅಂಗಗಳಲ್ಲಿ ಅಲ್ಲಲ್ಲಿ ಉರಿಯೂತ ಆಗುವ ಕಾಯಿಲೆ) ಇರಬಹುದು, ಬಯಾಪ್ಸಿ ಮಾಡಿದರೆ ಪಕ್ಕಾ ಗೊತ್ತಾಗುತ್ತೆ ಅಂದರು. ಪಕ್ಕಾ! ಕುತ್ತಿಗೆಯ ರಕ್ತನಾಳದಿಂದ ಉದ್ದನೆಯ ಚಿಮುಟ ಇಳಿಸಿ, ಹೃದಯದ ಬಲಭಾಗದಿಂದ ಒಂದೆರಡು ಮಿಲಿಮೀಟರ್ ತುಣುಕು ಕಚ್ಚಿ ತೆಗೆಯುತ್ತಾರೆ. ಹೃದಯ ತೂತಾಗುವ ಅಪಾಯ ಕಮ್ಮಿ, ಆದರೆ ಇದೆ. ಅದಕ್ಕೂ ಸೈನ್ ಹಾಕಿದೆವು.

ರಿಪೋರ್ಟ್ ಬಂತು. "ನಾರ್ಮಲ್. ಸಾರ್ಕಾಯ್ಡ್ ಇಲ್ಲ, ಟೆನ್ಷನ್ ಬಿಡಿ." ಬಿಟ್ಟೆವು. ಇನ್ನೊಬ್ಬರಿಗೆ ತೋರಿಸೋಣ ಅಂತ ಅತ್ತಿಗೆ ಅಂದಾಗ, ಸುಮ್ನೆ ಯಾಕೆ ಅಂತ ತಡೆದವನೂ ನಾನೇ.

ಅಣ್ಣ ಮತ್ತೆ ಬಿದ್ದ. ಬೇರೆ ಡಾಕ್ಟರ್ ಅದೇ ರಿಪೋರ್ಟ್ ತಿರುವಿ, ಒಂದು ಸಾಲಿನ ಮೇಲೆ ಪೆನ್ ಇಟ್ಟರು. "ಇದು ನೋಡಿದ್ರಾ?" ಬಂದ ತುಣುಕುಗಳು: 2. ಸಾಮಾನ್ಯವಾಗಿ 5 ಅಥವಾ ಅದಕ್ಕಿಂತ ಜಾಸ್ತಿ ತೆಗೆಯುತ್ತಾರಂತೆ. ಕೆಳಗೆ, ಈ ತುಣುಕುಗಳಲ್ಲಿ ಗ್ರಾನ್ಯುಲೋಮಾ (ಸಾರ್ಕಾಯ್ಡ್ ಇದ್ದಲ್ಲಿ ಕಾಣುವ ಉರಿಯೂತದ ಜೀವಕೋಶಗಳ ಗುಂಪು) ಕಂಡಿಲ್ಲ ಅಂತಿತ್ತು. ಈ ತುಣುಕುಗಳಲ್ಲಿ! ಹೃದಯದಲ್ಲಿ ಇಲ್ಲ ಅಂತ ಯಾರೂ ಬರೆದಿರಲಿಲ್ಲ. ಕಿವಿ ಬಿಸಿಯಾಯಿತು, ತಲೆ ಎತ್ತೋಕೆ ಆಗಲಿಲ್ಲ. ಸಾರ್ಕಾಯ್ಡ್ ಹೃದಯದಲ್ಲಿ ಅಲ್ಲಲ್ಲಿ ಮಾತ್ರ ಇರುತ್ತೆ. ಚಿಮುಟ ಪಕ್ಕದಲ್ಲಿ ಕಚ್ಚಿದರೆ ಮುಗೀತು. ಕಾಯಿಲೆ ಇರುವ ನಾಲ್ವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗಷ್ಟೇ ಹೀಗೆ ಸಿಗೋದಂತೆ.

ಪೆಟ್ ಸ್ಕ್ಯಾನ್‌ನಲ್ಲಿ ಹೃದಯದ ಗೋಡೆ, ಎದೆಯೊಳಗಿನ ಲಿಂಫ್ ಗಂಟುಗಳು ಎರಡೂ ಹೊಳೆದವು, ಅಂದರೆ ಉರಿಯೂತದ ಸುಳಿವು. ಗಂಟಿನ ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ ಸಿಕ್ಕಿತು. ಸ್ಟೀರಾಯ್ಡ್ ಶುರುವಾಯಿತು. ಅಷ್ಟರಲ್ಲಿ ಪಂಪಿಂಗ್ ಇನ್ನೂ ಇಳಿದಿತ್ತು.

ಮೊದಲಿನವರ ಹತ್ತಿರ ಹೋಗಿ ಕೇಳಿದೆ. "ಲ್ಯಾಬ್‌ನವರು ಬರೆದದ್ದನ್ನೇ ಹೇಳಿದ್ವಿ." ಲ್ಯಾಬ್‌ನವರು: "ಎರಡು ಪೀಸ್ ಕಳಿಸಿದ್ರು, ಎರಡನ್ನೇ ನೋಡಿದ್ವಿ." ಕೊನೆಗೆ ಆಸ್ಪತ್ರೆಯವರು, "ಕಾಯಿಲೆ ಸಿಗದೇ ಇರಬಹುದು ಅಂತ ಫಾರಂನಲ್ಲೇ ಇದೆ, ಸೈನ್ ಮಾಡಿದ್ದೀರಲ್ವಾ?" ಇತ್ತು. ಚಿಕ್ಕ ಅಕ್ಷರದಲ್ಲಿ, ಇತ್ತು. ಅದೇ ಹೊಟ್ಟೆ ಉರಿಸೋದು. ಬಾಯಲ್ಲಿ ಮಾತ್ರ ಪಕ್ಕಾ!

ಬಯಾಪ್ಸಿ ಬೇಡ ಅಂತಿಲ್ಲ. ಅಮೈಲಾಯ್ಡ್ (ಹೃದಯದಲ್ಲಿ ಕೆಟ್ಟ ಪ್ರೋಟೀನ್ ಸೇರಿಕೊಳ್ಳುವ ಇನ್ನೊಂದು ಕಾಯಿಲೆ) ಹೃದಯದ ತುಂಬ ಹರಡಿರುತ್ತೆ, ಅದು ಹೀಗೆ ತಪ್ಪಿಸಿಕೊಳ್ಳೋದು ಅಪರೂಪ. ಅದಕ್ಕೆ ಕಾಂಗೋ ರೆಡ್ ಬಣ್ಣ ಹಾಕಿ ನೋಡಿದ್ರಾ ಅಂತ ಕೇಳಿ. ಸಾರ್ಕಾಯ್ಡ್ ಅನುಮಾನ ಇದ್ದರೆ ಎಂಆರ್‌ಐ ಅಥವಾ ಪೆಟ್ ನೋಡಿಕೊಂಡು ಜಾಗ ಆರಿಸಿದ್ರಾ, ಎಷ್ಟು ತುಣುಕು ತೆಗೆದ್ರಿ ಅಂತ ಕೇಳಿ. ಮುಖ ಸಿಂಡರಿಸಿದರೂ ಕೇಳಿ. ತುಣುಕು ಇಟ್ಟು ನೋಡಿದ ಗಾಜಿನ ಸ್ಲೈಡ್‌ಗಳನ್ನೂ ಕೇಳಿ ಇಸ್ಕೊಳ್ಳಿ. ನಮ್ಮನ್ನು ಅದಕ್ಕೇ ಮೂರು ಸಲ ಅಲೆಸಿದರು.